ಕಾಳಿಗೆ ಗಂಡು ನೋಡಿದ್ದು

9-1-1961, ಸೋಮವಾರ
ಹಾಸನದ ಬಸ್ಸು ಇವತ್ತೂ ಮುಕ್ಕಾಲು ಗಂಟೆ ಲೇಟು. ಕಂಡಕ್ಟರ್ ಫ್ಲಾಸ್ಕ್ ಕೈಗೆ ಕೊಟ್ಟು, "ಇದ್ರಲ್ಲೇನ್ ಸಾ, ಶರಬತ್ತಾ?" ಅಂದ. ಹೋರಿ ವೀರ್ಯ ಅಂದೆ. ಕೈ ಪ್ಯಾಂಟಿಗೆ ಒರೆಸಿಕೊಂಡ. ಸೈಕಲ್ಲಿಗೆ ಕಟ್ಟಿಕೊಂಡು ಚನ್ನರಾಯಪಟ್ಟಣದಿಂದ ಬಾಗೂರಿಗೆ ತುಳಿದೆ. ಹಸುವಿಗೆ ಹಾಕಿದ ಕೇಸು — ಸೊನ್ನೆ. ಆರು ವಾರದಿಂದ ಸೊನ್ನೆ. ಹೋರಿ ಇಲ್ಲದೆ ಕರು ಅಂದರೆ ನಗುತ್ತಾರೆ. ಮೂರು ದಿನಕ್ಕೆ ಮಾಲು ಕೆಡುತ್ತೆ, ಚೆಲ್ಲುತ್ತೇನೆ. ಮತ್ತೆ ಬಸ್ಸು, ಮತ್ತೆ ಫ್ಲಾಸ್ಕ್.

ಆ ಫ್ಲಾಸ್ಕ್ ಅಡುಗೆಮನೆ ಹೊಸ್ತಿಲು ದಾಟಿದರೆ ತವರಿಗೆ ಹೋಗ್ತೀನಿ ಅಂತಾಳೆ ಪಾರ್ವತಿ. ಹೆಂಡತಿಗೇ ಬೇಡದ ಇಲಾಖೆ ನಂದು.

11-1, ಬುಧವಾರ
ಬಾಗೂರಿನಲ್ಲಿ ಮುದ್ದಮ್ಮ ಅಂತ ಒಬ್ಬ ಮುದುಕಿ. ಗಂಡ ಇಲ್ಲ. ಇರೋದು ಒಂದೇ ಹಸು, ಕಾಳಿ. ಹೆಸರಿಗೆ ತಕ್ಕ ಕಪ್ಪು. ಎರಡು ವರ್ಷದಿಂದ ಗಬ್ಬ ನಿಂತಿಲ್ಲ. ಮುಂಗಾರಿಗೆ ಮುಂಚೆ ಸಂತೆಗೆ ಹೊಡೆಯೋದೇ ಅಂತ ಮೈದುನ ಗುಂಡಯ್ಯ ಪಟ್ಟು ಹಿಡಿದಿದ್ದಾನೆ. ಮುದುಕಿ ಹಸುವಿನ ಕೊರಳು ಬಿಡಲ್ಲ.

ನಮ್ಮ ಫ್ಲಾಸ್ಕಿನ ವಿಷಯ ಪೂರ್ತಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು — ಬಾಗೂರಲ್ಲಿ ಮೊದಲ ಸಲ!

"ಅದೆಲ್ಲ ಸರಿ ಕಣಪ್ಪ. ಗಂಡು ಎಲ್ಲೈತೆ?"

"ಹಾಸನದಲ್ಲಿ."

"ಗಂಡು ನೋಡ್ದಲೆ ಎಂಗಪ್ಪಾ ಎಣ್ಣು ಕೊಡಾದು?"

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

18-1, ಬುಧವಾರ, ಸಂಜೆ 6
ಇಲಾಖೆಯಲ್ಲಿ ಯಾರೂ ಮಾಡದ ಕೆಲಸ ಮಾಡಿದೆ. ಮುದ್ದಮ್ಮನನ್ನು ಬಸ್ಸು ಹತ್ತಿಸಿ ಹಾಸನಕ್ಕೆ ಕರೆದುಕೊಂಡು ಹೋದೆ — ಗಂಡು ನೋಡೋಕೆ. ಎಲೆಅಡಿಕೆ, ಬಾಳೆಹಣ್ಣು, ಅರಿಶಿನ ಕುಂಕುಮ, ಎಲ್ಲ ಸೆರಗಿನ ಗಂಟಿನಲ್ಲಿ.

ಸಿಂಧಿ ತಳಿಯ ಹೋರಿ. ಇಟ್ಟಿಗೆ ಕೆಂಪು, ಹಣೆಯಲ್ಲಿ ಬಿಳಿ ಚಿಕ್ಕೆ. ಮುದ್ದಮ್ಮ ಸುತ್ತ ಎರಡು ಸಲ ಬಂದಳು. ಗೊರಸು ನೋಡಿದಳು. ಆಮೇಲೆ ಅಲ್ಲಿನ ಪಶುವೈದ್ಯರು, ಬಸವರಾಜು ಡಾಕ್ಟರನ್ನೇ ಕೇಳಿದಳು —

"ಇವನ ಅವ್ವ ಒತ್ತಿಗೆ ಎಸ್ಟು ಸೇರು ಆಲು ಕೊಡ್ತಿದ್ಲು?"

ಡಾಕ್ಟರು ನನ್ನ ಕಡೆ ತಿರುಗಿದರು. "ರೀ ಚಂದ್ರಶೇಖರಯ್ಯ, ಟ್ರೈನಿಂಗಿನಲ್ಲಿ ನೀವು ಇದನ್ನ ಕೇಳಲಿಲ್ಲವಲ್ರೀ!" ನಿಜ. ಕೇಳಿರಲಿಲ್ಲ. ನಾಚಿಕೆಯಾಯಿತು.

ಡಾಕ್ಟರಿಗೆ ಹುರುಪು ಬಂತು. ಅಮೆರಿಕದಲ್ಲಿ ಒಂದು ಹಸುವಿನ ಹೊಟ್ಟೆಯ ಪಿಂಡ ತೆಗೆದು ಇನ್ನೊಂದರ ಹೊಟ್ಟೆಯಲ್ಲಿಟ್ಟು ಕರು ಹುಟ್ಟಿಸಿದ್ದಾರಂತೆ. ನಾನು ಬಾಯಿ ಬಿಟ್ಟೆ. ಮುದ್ದಮ್ಮ ಎಲೆಗೆ ಸುಣ್ಣ ಸವರುತ್ತಾ, "ಅದೇನು ಒಸದಾ? ದೇವಕಿ ಒಟ್ಟೇಲಿದ್ದ ಬಲರಾಮನ್ನ ರೋಹಿಣಿ ಒಟ್ಟೆಗೆ ಸಾಗಿಸ್ಲಿಲ್ವಾ? ಅಮೆರಿಕದೋರು ಈಗ ಕಲ್ತವ್ರೆ" ಅಂದಳು. ಡಾಕ್ಟರೂ ಬಾಯಿ ಬಿಟ್ಟರು.

ಹೊರಡುವಾಗ ಹೋರಿಯ ಚಿಕ್ಕೆಯ ಕೆಳಗೆ ಕುಂಕುಮ ಇಟ್ಟು, "ಒಪ್ಪಿಗೆ" ಅಂದಳು.

27-1, ಶುಕ್ರವಾರ
ಕಾಳಿ ಬೆದೆಗೆ ಬಂದಿದೆ ಅಂತ ಬೆಳಿಗ್ಗೆಯೇ ಸುದ್ದಿ. ಫ್ಲಾಸ್ಕಿನಲ್ಲಿ ಬುಧವಾರದ ಮಾಲು, ಐಸು ಅರ್ಧ ನೀರು. ಬಿಟ್ಟರೆ ಮುಂದಿನ ಬೆದೆಗೆ ಇನ್ನು ಮೂರು ವಾರ. ಹಾಕೇಬಿಟ್ಟೆ. ಅರ್ಧ ಊರು ನಿಂತು ನೋಡಿತು.

ಗುಂಡಯ್ಯ: "ಇಸ್ಟೇಯಾ ಸಾ? ಪಾಪ, ಓರಿ ಇದಕ್ಕಾ ಊರೂರು ಅಲೀತಿದ್ದುದ್ದು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ನಗು ಇರಲಿಲ್ಲ. ಇದು ನಿಲ್ಲದಿದ್ದರೆ ಕಾಳಿ ಸಂತೆಗೆ, ನನ್ನ ಮಾನ ಬೀದಿಗೆ.

17-2, ಶುಕ್ರವಾರ
ಇಪ್ಪತ್ತೊಂದು ದಿನ. ಬೆದೆಗೆ ಬರಲಿಲ್ಲ. ಕಾಳಿ ಕೂಗಲಿಲ್ಲ. ನಾನೇ ಕೂಗಬೇಕು ಅನ್ನಿಸಿತು.

28-4, ಶುಕ್ರವಾರ
ಕೈ ಹಾಕಿ ನೋಡಿದೆ. ಗಬ್ಬ! ಮೂರು ತಿಂಗಳು. ಕಾಳಿ ಇನ್ನು ಸಂತೆ ದಾರಿ ನೋಡಲ್ಲ.

ಗುಂಡಯ್ಯ ಸುಮ್ಮನಿರಬೇಕಲ್ಲ. "ಸೀಸೆ ಎಸ್ರು, ಬಸವನ ಬಸ್ರು ಕಣ್ರಲಾ! ದೇವರ ಬಸವ ಬೇಲಿ ಆರಿ ಬಂದದೆ." ಊರಿನ ಬಸವ ಅಚ್ಚ ಬಿಳುಪು. ಕಟ್ಟಿದ ಹಸು ಬಿಚ್ಚೇ ಇಲ್ಲ ಅಂತ ಮುದ್ದಮ್ಮ ಆಣೆ ಇಟ್ಟಳು. ನಾನು ಸುಮ್ಮನಿರದೆ, "ಕರು ಬರಲಿ, ಬಣ್ಣವೇ ಹೇಳುತ್ತೆ" ಅಂದುಬಿಟ್ಟೆ. ಸೈಕಲ್ ಹತ್ತಿದ ಮೇಲೆ ಹೆದರಿಕೆ. ಕರು ಬಿಳಿ ಬಂದರೆ ಬಾಗೂರಲ್ಲಿ ನಾನು ಈ ಜನ್ಮದಲ್ಲಿ ಫ್ಲಾಸ್ಕ್ ಬಿಚ್ಚೋ ಹಾಗಿಲ್ಲ.

6-11, ಸೋಮವಾರ, ಬೆಳಿಗ್ಗೆ 10
ತಿಂಗಳುಗಟ್ಟಲೆ ಬರೆದಿಲ್ಲ. ಬರೆಯೋಕೇನಿತ್ತು — ಸೊನ್ನೆ, ಸೊನ್ನೆ, ಸೊನ್ನೆ. ಕಾಳಿ ಕರು ಹಾಕಲಿ, ಆಮೇಲೆ ನೋಡೋಣ ಅಂತ ಊರಿಗೆ ಊರೇ ಕೂತಿದೆ.

ಈಗ ಮುದ್ದಮ್ಮನ ಜಗಲಿ ಮೇಲಿದ್ದೇನೆ. ಕರುವಿನ ಮುಂಗಾಲು ಎರಡೂ ಕಾಣಿಸಿವೆ, ಬಣ್ಣ ಗೊತ್ತಾಗ್ತಿಲ್ಲ. ಪಾರ್ವತಿ ಹೆರುವಾಗಲೂ ಇಷ್ಟು ಹೆದರಿರಲಿಲ್ಲ. ಇದನ್ನ ಅವಳು ಓದಬಾರದು.

ಅದೇ ದಿನ, 11.30
ಕೆಂಪು! ಇಟ್ಟಿಗೆ ಕೆಂಪು. ಹೆಣ್ಣುಕರು. ಕಾಳಿ ನೆಕ್ಕಿ ನೆಕ್ಕಿ ಮುಖ ಒಣಗಿಸಿದಳು — ಹಣೆಯಲ್ಲಿ ಬಿಳಿ ಚಿಕ್ಕೆ!

"ಗಂಡಿನ ಕಡೇದೆ ಕಣಪ್ಪ ಮೊಕ" ಅಂತ ಮುದ್ದಮ್ಮ ಅತ್ತಳು. ನಾನೂ ಅತ್ತೆ. ಸರ್ಕಾರಿ ನೌಕರ ಅಳಬಾರದು ಅಂತ ರೂಲ್ಸ್ ಇಲ್ಲ. ಕರುವಿಗೆ ರೋಹಿಣಿ ಅಂತ ಹೆಸರು. ಪಾರ್ವತಿಗೆ ಅಂತ ಮುದ್ದಮ್ಮ ಗಿಣ್ಣದ ಹಾಲು ಕೊಡ್ತಾಳಂತೆ. ಒಯ್ಯೋಕೆ ನನ್ನ ಹತ್ತಿರ ಇರೋದು ಫ್ಲಾಸ್ಕ್ ಒಂದೇ... ದೇವರೇ ಕಾಪಾಡಬೇಕು.

ಗುಂಡಯ್ಯ ಕರು ನೋಡಿದವನೇ ಎದ್ದು ಹೋದ. ಸಿಟ್ಟಿರಬೇಕು ಅಂದುಕೊಂಡೆ. ಈಗ ಬೀದಿ ತುದಿಯಿಂದ ಬರ್ತಿದ್ದಾನೆ. ಒಗೆದ ಪಂಚೆ, ತಲೆಗೆ ರುಮಾಲು, ಕೈಯಲ್ಲಿ ಎಲೆಅಡಿಕೆ, ಬಾಳೆಹಣ್ಣು. ಹಿಂದೆ ಇನ್ನೂ ಆರೇಳು ಜನ, ಅವರ ಕೈಯಲ್ಲೂ ಅದೇ.

"ಸಾ, ಆಸನದ ಬಸ್ಸು ಎಸ್ಟೊತ್ತಿಗೆ? ನಮ್ ಎಣ್ಣಿಗೂ ಗಂಡು —"

ತೋಳು ಹಿಡಿದು ಎಬ್ಬಿಸ್ತಿದ್ದಾರೆ. ಪೆನ್ನಿನ ಕ್ಯಾಪು ಎಲ್ಲಿ...