ನಾನು ಕೊಟ್ಟ ಹೆಚ್ಚಿನ ಹೊತ್ತು

ಶಾಲೆ, ಮೇಲ್ಮಹಡಿಯ ಕೊಠಡಿ
ಮಾರ್ಚ್ ೪, ಊಟದ ಬಿಡುವು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಬೇರೆ ನರ್ಸ್‌ಗಳ ಪಾಲಿನ ರೋಗಿಗಳನ್ನೂ ನೀನೇ ಎತ್ತಿ ಕೂರಿಸುತ್ತಿರುತ್ತೀಯ, ನನಗೆ ಗೊತ್ತಿಲ್ಲವೇ. ಇಲ್ಲಿ ನಾನೂ ನಿನ್ನ ಮಗಳೂ ಆರಾಮ. ನಿನ್ನ ಚಿನಕುರಳಿಗೆ ಇನ್ನೊಂದು ಹಲ್ಲು ಬಿತ್ತು, ಮಾತು ಮಾತ್ರ ಒಂದು ಗುಲಗಂಜಿಯಷ್ಟೂ ತಗ್ಗಿಲ್ಲ. ಫೋನಿನಲ್ಲಿ ಅವಳ ಓದಿನ ವಿಷಯ ತೆಗೆದರೆ ಸಾಕು, "ರಿಪೋರ್ಟ್ ಚೆನ್ನಾಗಿದೆಯಲ್ಲ, ಮತ್ತೇನೇ ನಿನ್ನ ರಗಳೆ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದು ಕಿಟಕಿ ಮುಚ್ಚಿ ತೆಗೆದಿದ್ದೇನೆ. ಈ ಕೊಠಡಿಯ ಕುರ್ಚಿಗಳೆಲ್ಲ ಮಕ್ಕಳ ಅಳತೆಯವು, ಮೊಣಕಾಲು ಗಲ್ಲಕ್ಕೆ ತಾಗುತ್ತದೆ.

ಆ ರಿಪೋರ್ಟು ಸುಳ್ಳು, ಅಕ್ಕಾ. ಬರೆದವಳು ನಾನೇ. ಶಾಲೆಯ ಮನಶ್ಶಾಸ್ತ್ರಜ್ಞೆ ತನ್ನ ಮನೆಯ ಮಗುವನ್ನು ತಾನೇ ಪರೀಕ್ಷೆ ಮಾಡಬಾರದು, ಅದು ನಮ್ಮ ಕೆಲಸದ ಮೊದಲ ಪಾಠ. ಬೇರೆಯವರ ಮುಂದೆ ಮಗಳು ಬಾಯಿ ಬಿಡುವುದಿಲ್ಲ ಎಂದು ನೀನು ಗೋಗರೆದೆ, ನಾನೂ ಕರಗಿದೆ. ಪಟ್ಟಿಯಲ್ಲಿನ ಪದಗಳನ್ನು ಒಂದು ನಿಮಿಷದಲ್ಲಿ ಎಷ್ಟು ಓದುತ್ತಾಳೆಂದು ನೋಡಬೇಕಿತ್ತು. ಅವಳು ಮೊದಲ ಪದಕ್ಕೇ ಬೆವರಿದಳು. ನಿಮಿಷ ಮುಗಿದರೂ ನಾನು ಗಡಿಯಾರವನ್ನು ತಡವಾಗಿ ನಿಲ್ಲಿಸಿದೆ. ಸಿಕ್ಕಿಕೊಂಡಲ್ಲೆಲ್ಲ ಗೊತ್ತಿಲ್ಲದವಳಂತೆ ತುಟಿ ಅಲ್ಲಾಡಿಸಿ ಪದ ತೋರಿಸಿಕೊಟ್ಟೆ. ಅಂಕ ಆ ವಯಸ್ಸಿಗೆ ಹಾಕಿದ ಗೆರೆಗಿಂತ ಒಂದಿಷ್ಟು ಮೇಲೆ ಬಂತು, "ಓದು ವಯಸ್ಸಿಗೆ ತಕ್ಕಂತಿದೆ" ಎಂದು ಬರೆದು ಸಹಿ ಹಾಕಿದೆ. ಪ್ರೀತಿಯಿಂದ ಮಾಡಿದೆ ಎಂದುಕೊಂಡಿದ್ದೆ, ಮೂರ್ಖಳು ನಾನು.

ಈಗ ಆ ಕಾಗದ ತರಗತಿಯ ಟೀಚರ ಕೈಯಲ್ಲಿದೆ. ಓದಲು ಬರುತ್ತದೆ ಎಂದು ತಜ್ಞರೇ ಬರೆದಮೇಲೆ ಇವಳು ಓದದಿರುವುದು ಸೋಮಾರಿತನವಲ್ಲದೆ ಇನ್ನೇನು ಎಂದು ಅವರು ಕೇಳುತ್ತಾರೆ. ನಿನ್ನ ಮಗಳು ಪಕ್ಕದವಳು ಓದುವುದನ್ನು ಕೇಳಿ ಕೇಳಿ ಪಾಠವನ್ನೇ ಬಾಯಿಪಾಠ ಮಾಡಿಕೊಂಡಿದ್ದಾಳೆ, ಅಷ್ಟು ಚುರುಕು. ಹೋದ ವಾರ ಟೀಚರು ಹಾಳೆ ತಿರುಗಿಸಿದ್ದು ಗೊತ್ತಾಗದೆ ಹಿಂದಿನ ಪುಟವನ್ನೇ ಗಡಗಡ ಹೇಳಿದಳಂತೆ. ಇಡೀ ತರಗತಿ ನಕ್ಕಿತು. ಅಂದಿನಿಂದ ದಿನಾ ಬೆಳಿಗ್ಗೆ ಹೊಟ್ಟೆನೋವು. ಕೆಳಗಿನ ಮಹಡಿಯಲ್ಲಿ ಇಂಥ ಹನ್ನೆರಡು ಮಕ್ಕಳು ಮರಳಿನ ತಟ್ಟೆಯಲ್ಲಿ ಅಕ್ಷರ ತಿದ್ದುತ್ತಾ ನಿಧಾನವಾಗಿ ಓದಲು ಕಲಿಯುತ್ತಿದ್ದಾರೆ. ಆರು ತಿಂಗಳ ಹಿಂದೆಯೇ ಇವಳೂ ಅಲ್ಲಿ ಕೂರಬೇಕಿತ್ತು. ಆ ಆರು ತಿಂಗಳನ್ನು ಹಾಳು ಮಾಡಿದವಳು ನಾನು.

ಇವತ್ತು ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿಯ ಮುಂದೆ ಎಲ್ಲ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊದಲು ಮಗು ವಿಷಯ ನೋಡೋಣ. ನಿಮ್ಮ ವಿಷಯ ಆಮೇಲೆ" ಅಂದರು. ಕೆಲಸ ಹೋದರೂ ಹೋಗಬಹುದು. ಹೆದರಿಕೆಯಾಗಿದೆ, ಸುಳ್ಳೇಕೆ ಹೇಳಲಿ. ನನ್ನನ್ನು ಎಷ್ಟು ಬೇಕಾದರೂ ಬೈಯಿ, ಅವಳಿಗೆ ಒಂದು ಮಾತೂ ಅನ್ನಬೇಡ. ಬೆನ್ನಿಗೆ ಶಾಖ ಕೊಡುವುದನ್ನು ಮರೆಯಬೇಡ, ನಿನ್ನ ರೂಮಿನ ಗೆಳತಿಗೂ ನನ್ನ ನೆನಪು ಹೇಳು.

ಬೈಸಿಕೊಳ್ಳಲು ತಯಾರಾಗಿ ಕೂತಿರುವ
ನಿನ್ನ ತಂಗಿ

ಮರೆತೆ: ಜೊತೆಗೆ ಒಂದು ಫಾರಂ ಇಟ್ಟಿದ್ದೇನೆ. ಬೇರೆ ಶಾಲೆಯ ಮನಶ್ಶಾಸ್ತ್ರಜ್ಞರು ಅವಳನ್ನು ಹೊಸದಾಗಿ ಪರೀಕ್ಷೆ ಮಾಡುತ್ತಾರೆ, ಅದಕ್ಕೆ ತಾಯಿಯ ಸಹಿಯೇ ಬೇಕು. ಮಾರ್ಚ್ ಹದಿನಾಲ್ಕರೊಳಗೆ ಬರದಿದ್ದರೆ ಕೆಳಗಿನ ಮಹಡಿಯ ತರಗತಿಗೆ ಸೇರಲು ಇನ್ನೊಂದು ವರ್ಷ ಕಾಯಬೇಕು. ಇಷ್ಟು ಬರೆಯುವಾಗ ಅವಳೇ ಬಂದು, ಏನು ಬರೆದೆ ಎಂದು ಕೇಳಿದಳು. ಪೂರ್ತಿ ಓದಿ ಹೇಳಿದೆ. ತುಟಿ ಕಚ್ಚಿಕೊಂಡು ಕೇಳಿಸಿಕೊಂಡಳು. ಆಮೇಲೆ, "ಅಮ್ಮ ಅತ್ರೂ ಪರವಾಗಿಲ್ಲ, ಸಹಿ ಹಾಕ್ಲಿ ಅಂತ ಬರಿ" ಅಂದಳು. ಬರೆದಿದ್ದೇನೆ.