ಎಲ್ಲರ ಹೆಸರೂ ಶ್ರೀಲತಾ

ಅಕ್ಟೋಬರ್ 14, 2020, ಬುಧವಾರ, ಜರ್ಮನ್‌ಟೌನ್, ಅಮೆರಿಕ

"ಬರೀ ಒಂದು ಹೆಸರು ತಾನೇ?" ಎಂದ ನಮ್ಮ ಕಾಲೇಜಿನ ಡೀನ್ ಮಾತು ಇನ್ನೂ ಮೈ ಉರಿಸುತ್ತಿದೆ. ಹೋದ ವಾರ ನಾನು ಪಾಠ ಮಾಡುವ ಆನ್‌ಲೈನ್ ಕ್ಲಾಸಿನಲ್ಲಿ ಒಬ್ಬ ಹುಡುಗಿ ತನ್ನ ದೇಶದ ಸರ್ವಾಧಿಕಾರಿಯ ಜೈಲುಗಳ ಬಗ್ಗೆ ಪ್ರಶ್ನೆ ಕೇಳಿದ್ದಳು. ಕೋವಿಡ್ ಶುರುವಾದಾಗಿನಿಂದ ಅವಳಿರುವುದೂ ಅದೇ ದೇಶದಲ್ಲಿ, ತನ್ನ ಮನೆಯಲ್ಲಿ. ಆ ದೇಶದ ರಾಯಭಾರ ಕಚೇರಿಗೆ ಈಗ ಅವಳ ಹೆಸರು ಬೇಕಂತೆ. ನಾನು ಕೊಡಲಿಲ್ಲ.

"ಗ್ರೀನ್ ಕಾರ್ಡ್ ಬರೋವರೆಗಾದ್ರೂ ಸುಮ್ನಿರು ಕಣೇ. ನನ್ ವೀಸಾನೂ ನಿನ್ ಕೆಲಸದ ಮೇಲೇ ನಿಂತಿದೆ," ಎಂದ ಯತೀಶ್. ಗಂಡನ ಭಯ ಸುಳ್ಳಲ್ಲ.

ಇವತ್ತು ಡೀನ್ ತಾವೇ ಕ್ಲಾಸಿಗೆ ಬಂದು ಕೂರುವವರಿದ್ದರು. ಅದಕ್ಕೇ ಮೊದಲೇ ಎಲ್ಲರಿಗೂ ಹೇಳಿದ್ದೆ: ಕ್ಯಾಮೆರಾ ಆಫ್ ಮಾಡಿ, ನಿಮ್ಮ ಹೆಸರು ತೆಗೆದು ನನ್ನ ಹೆಸರು ಹಾಕಿಕೊಳ್ಳಿ, ಪ್ರಶ್ನೆ ಟೈಪ್ ಮಾಡಿ. ಪರದೆ ತುಂಬ ಶ್ರೀಲತಾಗಳು. ಡೀನ್ ಒಬ್ಬರೇ ಬೇರೆ. ಜೈಲಿನ ಪ್ರಶ್ನೆ ಮತ್ತೆ ಬಂತು, ಒಂದಲ್ಲ, ಐದಾರು ಕಡೆಯಿಂದ.

ಕ್ಲಾಸ್ ಮುಗಿದ ತಕ್ಷಣ ಡೀನ್ ಫೋನ್ ಮಾಡಿ, ಇದನ್ನೆಲ್ಲ ಕೇಳಿದವರು ಯಾರು ಎಂದರು.

"ಶ್ರೀಲತಾ. ರಾಯಭಾರ ಕಚೇರಿಗೂ ಅದನ್ನೇ ಬರೆದು ಕಳಿಸಿ," ಎಂದೆ.

ಪಕ್ಕದಲ್ಲಿದ್ದ ಯತೀಶ್ ತಲೆ ಮೇಲೆ ಕೈಯಿಟ್ಟುಕೊಂಡ. ಇಟ್ಟುಕೊಳ್ಳಲಿ. ನಾಳೆ ನನಗೇನಾಗುತ್ತದೋ ಗೊತ್ತಿಲ್ಲ. ಆ ಹುಡುಗಿ ಮಾತ್ರ ಇವತ್ತು ತನ್ನ ಹಾಸಿಗೆಯಲ್ಲೇ ಮಲಗುತ್ತಾಳೆ.