ವೀರಯ್ಯನವರ ಬಲಗೈ

ಶಾಂತಮಲ್ಲಪ್ಪ ಮಾವನಿಗೆ, ಆಲೂರಿನಿಂದ ಕೃತಿಕಾಳ ಶರಣು.

ನೀವು ನನ್ನನ್ನು ಕ್ಷಮಿಸಿದ್ದೀರಂತೆ. ನಿನ್ನೆ ನಿಮ್ಮ ಜೊತೆ ಮಾತನಾಡಿ ಫೋನ್ ಇಟ್ಟ ಮೇಲೆ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದಳು: 'ನನ್ ತಮ್ಮ ದೊಡ್ಡ ಮನಸ್ಸು ಮಾಡವ್ನೆ ಕಣೇ. ಗೃಹಪ್ರವೇಶಕ್ಕೆ ನಿನ್ನೂ ಕರ್ಕೊಂಡ್ ಬಾ ಅಂದ. ಹೋಗಿ ಕಾಲಿಗೆ ಬಿದ್‌ಬುಡು, ಎಲ್ಲಾ ಸರಿಹೋಗ್ತೈತೆ.' ನಾನು ಕೇಳದೇ ಇದ್ದ ಕ್ಷಮೆ ಮನೆಗೆ ಬಂದಿದೆ. ಅದನ್ನು ವಾಪಸ್ ಕಳುಹಿಸಲು ಈ ಪತ್ರ.

ನನಗೆ ಲೋಹದ ಹುಚ್ಚು ಹಿಡಿಸಿದವರು ನೀವೇ. ಹಾಸನದ ನಿಮ್ಮ ಕಾರ್ಖಾನೆಯಲ್ಲಿ ಕಪ್ಪು ಕನ್ನಡಕ ಹಾಕಿಸಿ, ಲೇಸರ್ ಬೆಳಕಿಗೆ ಕಬ್ಬಿಣದ ಮಿಶ್ರಲೋಹದ ಪುಡಿ ಕರಗಿ ಸವೆದ ಶಾಫ್ಟಿನ ಮೇಲೆ ಪದರವಾಗಿ ಕೂರುವುದನ್ನು ತೋರಿಸಿದಿರಿ. 'ಕೋಬಾಲ್ಟ್‌ಗೆ ದುಡ್ಡು ಸುರಿಯೋದು ಬೇಡ ಕಣಮ್ಮ, ನಮ್ ಕಬ್ಬಿಣದಲ್ಲೇ ಆಯ್ತದೆ. ಗುಜರಿಗೆ ಹೋಗೋದನ್ನ ಬದುಕಿಸಾಣ' ಎಂದಿರಿ. ಓದು ಮುಗಿದ ಕೂಡಲೇ ಬೇರೆ ಯಾರ ಬಾಗಿಲಿಗೂ ಹೋಗದೆ ನಿಮ್ಮಲ್ಲಿಗೆ ಬಂದೆ. ಆ ದಿನಗಳ ಸಂತೋಷವನ್ನು ನಾನು ಇವತ್ತಿಗೂ ಅಲ್ಲಗಳೆಯಲಾರೆ.

ಹೆತ್ತೂರಿನ ಕಾಫಿ ಎಸ್ಟೇಟಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಶಾಫ್ಟಿಗೆ ಈ ಲೇಪನ ಹಾಕುವ ಮೊದಲು ಮಾದರಿ ತುಂಡುಗಳನ್ನು ಪರೀಕ್ಷಿಸಿದೆವು. ಎಷ್ಟು ಉಜ್ಜಿದರೂ ಅವು ಸವೆಯಲಿಲ್ಲ. ನೀವು ಮಕ್ಕಳಂತೆ ಚಪ್ಪಾಳೆ ತಟ್ಟಿದಿರಿ. ಆದರೆ ಅದೇ ತುಂಡುಗಳನ್ನು ಕಾಫಿ ಹಣ್ಣು ತೊಳೆದ ಹುಳಿನೀರಿನಲ್ಲಿ ನೆನೆಹಾಕಿದಾಗ ಕೂದಲಿನಷ್ಟು ತೆಳುವಾದ ಬಿರುಕುಗಳಿಂದ ಕಂದು ಬಣ್ಣ ಒಸರತೊಡಗಿತು. ಲೇಪನಕ್ಕೆ ಏನೂ ಆಗಿರಲಿಲ್ಲ. ಬಿರುಕಿನಿಂದ ಇಳಿದ ನೀರು ಅಡಿಯ ಉಕ್ಕನ್ನು ತಿನ್ನುತ್ತಿತ್ತು. ಶಾಫ್ಟನ್ನು ಮೊದಲೇ ಬಿಸಿ ಮಾಡಿಕೊಂಡು, ಲೇಪನವಾದ ಮೇಲೆ ನಿಧಾನ ಆರಿಸಿದರೆ ಬಿರುಕು ತಡೆಯಬಹುದು, ಮತ್ತೆ ಮಾಡೋಣ ಎಂದೆ. 'ಹಣ್ಣು ಕುಯ್ಲಿಗೆ ಬಂದೈತೆ, ಎಸ್ಟೇಟ್‌ನೋರು ಕಾಯಕಿಲ್ಲ. ಸವೆಯಲ್ಲ ತಾನೆ? ಅಷ್ಟು ಸಾಕು' ಎಂದಿರಿ.

ನಾನು ಜ್ವರದಿಂದ ಮಲಗಿ ಏಳುವಷ್ಟರಲ್ಲಿ, ಬಿಸಿ ಮಾಡದೆಯೇ ಲೇಪನ ಹಾಕಿದ ಶಾಫ್ಟು ಹೆತ್ತೂರಿಗೆ ಹೋಗಿಬಿಟ್ಟಿತ್ತು. ಎಸ್ಟೇಟಿನ ಲೆಕ್ಕ ನೋಡುವ ರೈಟರಿಗೆ ಫೋನ್ ಮಾಡಿ ಎಚ್ಚರಿಸಿದರೆ, 'ನಿಮ್ ಸಾಹೇಬ್ರೇ ಗ್ಯಾರಂಟಿ ಕೊಟ್ಟವ್ರಲ್ಲಮ್ಮ' ಎಂದ. ಬರುವ ವರ್ಷ ಬದಲಾಯಿಸಿ ಕೊಡೋಣವೆಂದು ನೀವು ನನ್ನ ಬಾಯಿ ಮುಚ್ಚಿಸಿದಿರಿ. ಮರುವರ್ಷ ನಾನು ನೆನಪಿಸಿದಾಗ ನಿಮಗೆ ಪುರುಸೊತ್ತಿರಲಿಲ್ಲ.

ಆ ಮರುವರ್ಷದ ಕುಯ್ಲಿನಲ್ಲೇ ಶಾಫ್ಟು ಮುರಿಯಿತು. ಪಕ್ಕದಲ್ಲಿ ನಿಂತು ಹಣ್ಣು ಸುರಿಯುತ್ತಿದ್ದ ವೀರಯ್ಯನವರ ಬಲಗೈಯನ್ನು ಕಿತ್ತುಬಂದ ಚಕ್ರ ಗೋಡೆಗೆ ಒತ್ತಿ ಜಜ್ಜಿತು. ಹಾಸನದ ಆಸ್ಪತ್ರೆಯಲ್ಲಿ ಮಣಿಕಟ್ಟಿನವರೆಗೆ ತೆಗೆದರು. ನೀವು ಹೋಗಿ ನೋಡಲಿಲ್ಲ. 'ಓಡ್ತಿರೋ ಮಿಷಿನ್‌ಗೆ ಅವನೇ ಕೈ ಹಾಕವ್ನೆ' ಎಂದು ಎಸ್ಟೇಟಿನವರಿಗೆ ಹೇಳಿದಿರಿ. ಅವರಿಗೂ ಅದೇ ಅನುಕೂಲವಾಗಿತ್ತು.

ನಾನು ಎಸ್ಟೇಟಿನ ಕೂಲಿಯವರ ಲೈನಿನಲ್ಲಿದ್ದ ವೀರಯ್ಯನವರ ಮನೆಗೆ ಹೋದೆ. ಅವರ ಹೆಂಡತಿ ಮುನಿಯಮ್ಮ ಅನ್ನ ಕಲಸಿ ತುತ್ತು ಕೊಡುತ್ತಿದ್ದರು. ನನ್ನನ್ನು ಕಂಡು ವೀರಯ್ಯ ನಾಚಿಕೆಯಿಂದ ಮುಖ ತಿರುಗಿಸಿದರು. ಆಮೇಲೆ ಗೋಡೆ ನೋಡಿಕೊಂಡೇ ಹೇಳಿದರು: 'ಕೈ ಹೋಗ್ಬುಡ್ತು, ಹೋಗ್ಲಿ ಕಣವ್ವ. ನಾನು ಓಡೋ ಮಿಷಿನ್‌ಗೆ ಕೈ ಹಾಕ್ನಿಲ್ಲ. ಲೈನಲ್ಲಿ ಎಲ್ರೂ ನನ್ನೇ ದಡ್ಡ ಅಂತಾವ್ರೆ. ಅದೊಂದು ನಿಜ ಹೇಳ್ಬುಡು.'

ಅಪಘಾತದ ವಿಚಾರಣೆಯ ದಿನ ಕಾರ್ಮಿಕ ಇಲಾಖೆಯ ಅಧಿಕಾರಿಯ ಮೇಜಿನ ಮೇಲೆ ಮುರಿದ ಶಾಫ್ಟನ್ನು ಇಟ್ಟು ನಾನು ತೋರಿಸಿದ್ದು ಇಷ್ಟೇ: ಮುರಿದ ಜಾಗದ ಬಹುಪಾಲು ಹಳೆಯ ತುಕ್ಕು, ಒಂದು ಅಂಚಿನಲ್ಲಿ ಮಾತ್ರ ಹೊಸ ಹೊಳಪು. ಬಿರುಕು ಎಷ್ಟೋ ತಿಂಗಳಿಂದ ಒಳಕ್ಕೆ ಇಳಿಯುತ್ತಿತ್ತು. ಕೈ ಹಾಕಿದ್ದಕ್ಕೆ ಮುರಿದದ್ದಲ್ಲ. ಆಗ ನೀವು ಎದ್ದು ನಿಂತು ನಗುತ್ತಾ ಹೇಳಿದಿರಿ: 'ಇವಳು ನನ್ನ ಅಕ್ಕನ ಮಗಳು ಸಾರ್. ಕೆಲಸದಿಂದ ತೆಗೆದೆ ಅಂತ ಸಿಟ್ಟು.' ಮಾವ, ಆ ಬೆಳಿಗ್ಗೆಯವರೆಗೂ ನಾನು ನಿಮ್ಮ ಕೆಲಸದಲ್ಲೇ ಇದ್ದೆ. ನನ್ನನ್ನು ತೆಗೆದ ಸುದ್ದಿ ನನಗೆ ತಿಳಿದದ್ದು ಆ ಮೇಜಿನ ಮುಂದೆ.

ತಪ್ಪು ವೀರಯ್ಯನವರದಲ್ಲ ಎಂದು ತೀರ್ಮಾನವಾಯಿತು. ಹೊರಗೆ ಜಗುಲಿಯಲ್ಲಿ ನೀವು, 'ಲೈನ್‌ನೋನಿಗೋಸ್ಕರ ಸೋದರಮಾವನ ಮಾನ ಕಳೆದ್ಯಲ್ಲೇ' ಎಂದು ಉಗಿದು ಕಾರು ಹತ್ತಿದಿರಿ. ಅಂದಿನಿಂದ ಅಮ್ಮ ನನ್ನೊಡನೆ ಸರಿಯಾಗಿ ಉಂಡಿಲ್ಲ.

ಈಗ ನಿಮ್ಮಲ್ಲಿ ಶಾಫ್ಟುಗಳನ್ನು ಬಿಸಿ ಮಾಡಿಯೇ ಲೇಪನ ಹಾಕುತ್ತಾರೆ, ಹುಳಿನೀರಿನ ಪರೀಕ್ಷೆಯನ್ನೂ ಬಿಡುವುದಿಲ್ಲ ಎಂದು ನಿಮ್ಮ ಮೆಕ್ಯಾನಿಕ್ ಪ್ರವೀಣ್ ಹೇಳಿದ. ಬಿರುಕು ಬರುವುದಿಲ್ಲವಂತೆ. ಒಳ್ಳೆಯದೇ ಆಯಿತು. ನಿಮಗೆ ಗೊತ್ತಿತ್ತು, ಮಾಡಲು ಬರುತ್ತಿತ್ತು. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಗೃಹಪ್ರವೇಶಕ್ಕೆ ಅಮ್ಮನನ್ನು ಬಸ್ಸು ಹತ್ತಿಸುತ್ತೇನೆ, ನಾನು ಬರುವುದಿಲ್ಲ. ನಿಮಗೆ ಯಾರ ಮನೆಗಾದರೂ ಹೋಗಬೇಕೆನಿಸಿದರೆ ಹೆತ್ತೂರಿಗೆ ಹೋಗಿ. ವೀರಯ್ಯ ಈಗ ಎಸ್ಟೇಟಿನ ಗೇಟು ಕಾಯುತ್ತಾರೆ. ಅವರು ನಿಮ್ಮನ್ನು ಬೈಯುವುದಿಲ್ಲ. ಒಳಗೆ ಕರೆದು ಕೂರಿಸಿ, ಕಾಫಿ ಮಾಡಿಸಿ ತಾವೇ ತಂದುಕೊಡುತ್ತಾರೆ. ದೊಡ್ಡವರಿಗೆ ಎಡಗೈಯಲ್ಲಿ ಕೊಡಬೇಕಾಯಿತಲ್ಲ ಎಂದು ತಲೆ ತಗ್ಗಿಸುತ್ತಾರೆ. ಹೌದು ಮಾವ, ತಲೆ ತಗ್ಗಿಸುವವರು ಅವರೇ.

ಹೊಸ ಮನೆಯಲ್ಲಿ ನಿಮ್ಮ ಕೈಕಾಲು ಗಟ್ಟಿಯಾಗಿರಲಿ.

ಇನ್ನು ನಿಮ್ಮ ಹೊಸ್ತಿಲು ತುಳಿಯದ,
ಕೃತಿಕಾ